ಪ್ರಕಟಿಸಿದರೆ ತಿಳಿಸಿದಂತಾಯಿತೇ? ಇಳಿದ ಉಳಿತಾಯ ಬಡ್ಡಿ, ಬಂದ್ ಆಗುವ ಖಾತೆ ಮತ್ತು ಬ್ಯಾಂಕುಗಳ ಮಾತು

2025ರ ಮೇ 1ರಂದು, ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ರಾಜ್ಯದ ಇನ್ನೊಂದು ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು ಮತ್ತು ಪ್ರಧಾನ ಕಚೇರಿ ಬಳ್ಳಾರಿಯದಾಯಿತು. ಜೂನ್ 12ರಂದು ರಿಸರ್ವ್ ಬ್ಯಾಂಕು ಕೆವೈಸಿ, ಅಂದರೆ ಗ್ರಾಹಕರ ಗುರುತು ಮತ್ತು ವಿಳಾಸದ ದಾಖಲೆ, ನವೀಕರಣದ ನಿಯಮಗಳನ್ನು ತಿದ್ದಿತು. ಜೂನ್ 15ರಿಂದ ಭಾರತೀಯ ಸ್ಟೇಟ್ ಬ್ಯಾಂಕು ಉಳಿತಾಯ ಖಾತೆಯ ಬಡ್ಡಿಯನ್ನು ಶೇ 2.50ಕ್ಕೆ ಇಳಿಸಿತು. ಆರೇಳು ವಾರಗಳ ಒಳಗೆ ನಡೆದ ಈ ಮೂರು ಬದಲಾವಣೆಗಳೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಾಮಾನ್ಯ ಖಾತೆದಾರರನ್ನು ನೇರವಾಗಿ ಮುಟ್ಟುವಂಥವು. ಆದರೆ ಅವು ಅವರನ್ನು ತಲುಪಿದ ಬಗೆ ಬೇರೆಬೇರೆ. ಒಂದು ಪತ್ರಿಕೆಯ ಸುದ್ದಿಯಾಗಿ ಬಂತು, ಇನ್ನೊಂದು ಮೊಬೈಲಿನಲ್ಲಿ ಅರ್ಧ ಓದಿ ಬಿಟ್ಟ ಇಂಗ್ಲಿಷ್ ಸಂದೇಶವಾಗಿ ಬಂತು, ಮತ್ತೊಂದು ಬಹುಮಂದಿಗೆ ಬರಲೇ ಇಲ್ಲ.

ಹೀಗಾಗಿ ಶಾಖೆಗಳ ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗಿವೆ. ಬ್ಯಾಂಕಿನ ಹೆಸರು ಬದಲಾದದ್ದಕ್ಕೆ ಬಡ್ಡಿ ಇಳಿಯಿತೇ? ಕೆವೈಸಿ ಕೊಡದಿದ್ದರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆಯೇ? ಎರಡು ವರ್ಷ ಮುಟ್ಟದ ಖಾತೆಯ ರೊಕ್ಕ ಸರ್ಕಾರದ ಪಾಲಾಗುತ್ತದೆಯೇ? ಇವುಗಳಿಗೆ ನಿಯಮಗಳಲ್ಲಿ ಸ್ಪಷ್ಟ ಉತ್ತರವಿದೆ. ಉತ್ತರ ಇದ್ದೂ ಜನರಿಗೆ ಗೊತ್ತಾಗದಿರುವುದಕ್ಕೆ ಮುಖ್ಯ ಕಾರಣ, ಬ್ಯಾಂಕಿಂಗ್ ವ್ಯವಸ್ಥೆಯು ಪ್ರಕಟಿಸುವುದನ್ನೇ ತಿಳಿಸುವುದೆಂದು ಬಹುಕಾಲದಿಂದ ಎಣಿಸುತ್ತ ಬಂದಿರುವುದು.

ಬಡ್ಡಿಯನ್ನು ನಿರ್ಧರಿಸುವವರು ಯಾರು

2011ರ ಅಕ್ಟೋಬರ್ 25ರವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. 2003ರ ಮಾರ್ಚ್‌ನಿಂದ 2011ರ ಮೇ ತನಕ ಅದು ಶೇ 3.5ರಲ್ಲೇ ನಿಂತಿತ್ತು, ಆಮೇಲೆ ಶೇ 4 ಆಯಿತು. ಯಾವ ಬ್ಯಾಂಕಿಗೆ ಹೋದರೂ ಅದೇ ದರ, ವರ್ಷಗಟ್ಟಲೆ ಅದೇ ದರ. ಗ್ರಾಹಕ ಕೇಳುವ, ಬ್ಯಾಂಕು ಹೇಳುವ ಪ್ರಸಂಗವೇ ಇರಲಿಲ್ಲ. 2011ರ ಅಕ್ಟೋಬರ್ 25ರಿಂದ ದರವನ್ನು ಬ್ಯಾಂಕುಗಳ ವಿವೇಚನೆಗೆ ಬಿಡಲಾಯಿತು. ಒಂದು ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಒಂದೇ ದರ ಇರಬೇಕು, ಅದರ ಮೇಲಿನದಕ್ಕೆ ಬೇರೆ ದರ ಕೊಡಬಹುದು ಎಂಬುದೇ ಮುಖ್ಯ ಷರತ್ತು.

ಪೈಪೋಟಿಯಿಂದ ಬಡ್ಡಿ ಏರಬಹುದೆಂಬ ನಿರೀಕ್ಷೆ ಆಗ ಇತ್ತು. ಕೆಲವು ಖಾಸಗಿ ಬ್ಯಾಂಕುಗಳು ಏರಿಸಿದ್ದೂ ನಿಜ. ದೊಡ್ಡ ಬ್ಯಾಂಕುಗಳಲ್ಲಿ ಆದದ್ದು ತದ್ವಿರುದ್ಧ. ಸ್ಟೇಟ್ ಬ್ಯಾಂಕಿನಲ್ಲಿ ಶೇ 4 ಇದ್ದದ್ದು 2017ರ ಜುಲೈ ಕೊನೆಯಲ್ಲಿ ಒಂದು ಕೋಟಿವರೆಗಿನ ಮೊತ್ತಕ್ಕೆ ಶೇ 3.5ಕ್ಕೆ ಬಂತು, 2020ರಲ್ಲಿ ಹಂತಹಂತವಾಗಿ ಶೇ 2.70ಕ್ಕೆ ಇಳಿಯಿತು, 2025ರ ಜೂನ್‌ನಲ್ಲಿ ಎಲ್ಲ ಮೊತ್ತಗಳಿಗೂ ಶೇ 2.50 ಆಯಿತು. ಅದೇ ತಿಂಗಳು ಎಚ್‌ಡಿಎಫ್‌ಸಿ ಬ್ಯಾಂಕೂ ಶೇ 2.50ಕ್ಕೆ ಇಳಿಯಿತು. ಹದಿನಾಲ್ಕು ವರ್ಷಗಳ ಹಿಂದೆ ನಿಯಂತ್ರಣದಲ್ಲಿದ್ದ ದರಕ್ಕಿಂತ ಇಂದಿನ ಸ್ಪರ್ಧೆಯ ದರವೇ ಕಡಿಮೆ.

ರೆಪೊ ಇಳಿದರೆ ಉಳಿತಾಯ ಏಕೆ ಇಳಿಯುತ್ತದೆ

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರಕ್ಕೆ ರೆಪೊ ಎನ್ನುತ್ತಾರೆ. 2025ರಲ್ಲಿ ಅದು ಫೆಬ್ರುವರಿ, ಏಪ್ರಿಲ್, ಜೂನ್ ಮತ್ತು ಡಿಸೆಂಬರ್‌ಗಳಲ್ಲಿ ಇಳಿದು ಶೇ 6.50ರಿಂದ ಶೇ 5.25ಕ್ಕೆ ಬಂತು. 2019ರ ಅಕ್ಟೋಬರ್‌ನಿಂದ ಹೊಸ ಚರ ಬಡ್ಡಿಯ ಗೃಹಸಾಲ, ವೈಯಕ್ತಿಕ ಸಾಲ ಮತ್ತು ಸಣ್ಣ ಉದ್ದಿಮೆಗಳ ಸಾಲವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯ. ಆದ್ದರಿಂದ ರೆಪೊ ಇಳಿದ ಕೂಡಲೇ ಬ್ಯಾಂಕಿನ ಆದಾಯ ಇಳಿಯುತ್ತದೆ. ಖರ್ಚು ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ, ಏಕೆಂದರೆ ಈಗಾಗಲೇ ಇಟ್ಟಿರುವ ನಿಶ್ಚಿತ ಠೇವಣಿಗೆ ಒಪ್ಪಿದ ದರವನ್ನು ಅವಧಿ ಮುಗಿಯುವವರೆಗೆ ಕೊಡಲೇಬೇಕು. ಬ್ಯಾಂಕು ಒಂದೇ ದಿನದಲ್ಲಿ, ಇಡೀ ಮೊತ್ತದ ಮೇಲೆ ಕಡಿತ ಮಾಡಲು ಸಾಧ್ಯವಿರುವ ಜಾಗ ಉಳಿತಾಯ ಖಾತೆಯೊಂದೇ.

ಬ್ಯಾಂಕುಗಳ ವಾದವೂ ಇದೇ: ಸಾಲಗಾರನಿಗೆ ಇಳಿಕೆಯ ಲಾಭ ದಾಟಿಸಬೇಕಾದರೆ ಠೇವಣಿಯ ವೆಚ್ಚವೂ ಇಳಿಯಬೇಕು. ವಾದದಲ್ಲಿ ಹುರುಳಿದೆ. ಆದರೆ ಸಾಲದ ಕಡೆ ಸೂತ್ರವಿದೆ, ಇಳಿಕೆ ತಾನಾಗಿ ಆಗುತ್ತದೆ ಮತ್ತು ಕಂತು ಬದಲಾದಾಗ ತಿಳಿಸಬೇಕೆಂಬ ನಿಯಮವೂ ಇದೆ. ಉಳಿತಾಯದ ಕಡೆ ಸೂತ್ರವಿಲ್ಲ. ರೆಪೊ ಏರುತ್ತ ಹೋದ 2022 ಮತ್ತು 2023ರಲ್ಲಿ ಅದು ಶೇ 4ರಿಂದ ಶೇ 6.50ಕ್ಕೆ ಏರಿದರೂ ಸ್ಟೇಟ್ ಬ್ಯಾಂಕಿನ ಸಾಮಾನ್ಯ ಉಳಿತಾಯ ದರ ಶೇ 2.70ರಿಂದ ಕದಲಲಿಲ್ಲ. ಇಳಿಯುವಾಗ ಜೊತೆಗೆ ಇಳಿದು, ಏರುವಾಗ ಜೊತೆಗೆ ಏರದ ದರವನ್ನು ಕೇವಲ ವೆಚ್ಚದ ಲೆಕ್ಕದಿಂದ ವಿವರಿಸಲಾಗದು. ಗ್ರಾಹಕ ಗಮನಿಸುವುದಿಲ್ಲ ಎಂಬ ಎಣಿಕೆಯೂ ಅದರಲ್ಲಿ ಸೇರಿರುತ್ತದೆ.

ದರ ಬದಲಾದದ್ದು ಎಲ್ಲಿ ಗೊತ್ತಾಗುತ್ತದೆ

ಕನಿಷ್ಠ ಮೊತ್ತದ ನಿಯಮ ಅಥವಾ ಅದರ ಶುಲ್ಕ ಬದಲಾಗುವುದಾದರೆ ಖಾತೆದಾರನಿಗೆ ಒಂದು ತಿಂಗಳು ಮೊದಲು ತಿಳಿಸಬೇಕು. ಮೊತ್ತ ಕಡಿಮೆಯಾದಾಗ ಎಚ್ಚರಿಕೆ ಕೊಟ್ಟು, ಒಂದು ತಿಂಗಳು ಕಾದು, ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಮಾತ್ರ ದಂಡ ಹಾಕಬೇಕೆಂಬುದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬಡ್ಡಿ ದರದ ವಿಷಯದಲ್ಲಿ ನಿಯಮ ಕೇಳುವುದು, ದರವು ಮುಂಚಿತವಾಗಿ ಪ್ರಕಟಿಸಿದ ಪಟ್ಟಿಯಂತೆ ಇರಬೇಕು ಎಂಬುದನ್ನು. ಪಟ್ಟಿ ಜಾಲತಾಣದಲ್ಲಿ ಇರುತ್ತದೆ, ಶಾಖೆಯ ಸೂಚನಾ ಫಲಕದಲ್ಲಿ ಇರುತ್ತದೆ. ಅಷ್ಟಕ್ಕೆ ಬ್ಯಾಂಕಿನ ಕರ್ತವ್ಯ ಮುಗಿಯಿತು.

ಪಾಸ್‌ಬುಕ್ಕನ್ನೇ ನೋಡಿ. ಮುದ್ರಣ ಯಂತ್ರದಿಂದ ಹೊರಬಂದ ಪುಟದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿಯ ಸಾಲೊಂದು ಬರುತ್ತದೆ: ದಿನಾಂಕ, ಇಂಗ್ಲಿಷಿನ ನಾಲ್ಕಾರು ಅಕ್ಷರಗಳ ಸಂಕ್ಷೇಪ, ಒಂದು ಮೊತ್ತ. ಆ ಮೊತ್ತ ಎಷ್ಟು ದರದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಬಂದದ್ದೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. 2010ರ ಏಪ್ರಿಲ್ 1ರಿಂದ ಬಡ್ಡಿಯನ್ನು ದಿನದ ಕೊನೆಯ ಶಿಲ್ಕಿನ ಮೇಲೆ ಲೆಕ್ಕ ಹಾಕುವುದರಿಂದ, ದರ ಗೊತ್ತಿಲ್ಲದವನು ಹಿಂದಿನ ತ್ರೈಮಾಸಿಕದ ಮೊತ್ತಕ್ಕೆ ಹೋಲಿಸಿಯೂ ಇಳಿಕೆಯನ್ನು ಕಂಡುಹಿಡಿಯಲಾರ. ಶಿಲ್ಕು ದಿನವೂ ಏರಿಳಿಯುತ್ತಿರುತ್ತದೆ.

ದಿನದ ಲೆಕ್ಕ ಗ್ರಾಹಕನಿಗೆ ಲಾಭದ್ದೇ ಎಂಬುದನ್ನು ಇಲ್ಲೇ ಹೇಳಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ರೈತನೊಬ್ಬನ ಖಾತೆಗೆ ಮೂರು ಲಕ್ಷ ರೂಪಾಯಿ ಬಂದು, ಗೊಬ್ಬರದಂಗಡಿಯ ಬಾಕಿ, ಕೂಲಿ, ಸಾಲದ ಕಂತು ಎಂದು ಹತ್ತು ದಿನಗಳಲ್ಲಿ ಹೊರಹೋಯಿತು ಎನ್ನೋಣ. ಶೇ 2.50ರಂತೆ ಆ ಹತ್ತು ದಿನಗಳಿಗೆ ಸುಮಾರು 205 ರೂಪಾಯಿ ಬಡ್ಡಿ ಸಿಗುತ್ತದೆ. 2010ರ ಹಿಂದಿನ ಪದ್ಧತಿಯಲ್ಲಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ ಇತ್ತು. 12ಕ್ಕೆ ಬಂದು 22ಕ್ಕೆ ಹೋದ ಹಣಕ್ಕೆ ಏನೂ ಸಿಗುತ್ತಿರಲಿಲ್ಲ.

ನಿಜವಾದ ನಷ್ಟ ಎಲ್ಲಿದೆ

ಶೇ 0.20ರಷ್ಟು ಇಳಿಕೆಯಿಂದ ಒಂದು ಸಾಮಾನ್ಯ ಮನೆಗೆ ಆಗುವ ನಷ್ಟ ದೊಡ್ಡದಲ್ಲ. ಸರಾಸರಿ 60,000 ರೂಪಾಯಿ ಇಟ್ಟವರಿಗೆ ವರ್ಷಕ್ಕೆ 120 ರೂಪಾಯಿ ಕಡಿಮೆ. ದರ ಗೊತ್ತಿಲ್ಲದ ಕಾರಣಕ್ಕೆ ಹಣವನ್ನು ಅಲ್ಲೇ ಬಿಟ್ಟಿರುವುದರಿಂದ ಆಗುವ ನಷ್ಟವೇ ದೊಡ್ಡದು. ಅದೇ 60,000ಕ್ಕೆ ಶೇ 2.50ರಂತೆ 1,500 ರೂಪಾಯಿ ಬಂದರೆ, ಶೇ 6ರ ಒಂದು ವರ್ಷದ ಠೇವಣಿಯಲ್ಲಿ 3,600 ರೂಪಾಯಿ ಬರುತ್ತದೆ. ಒಂದು ಮಿತಿ ದಾಟಿದ ಹಣವನ್ನು ತಾನಾಗಿ ಠೇವಣಿಗೆ ವರ್ಗಾಯಿಸುವ ಸ್ವೀಪ್ ಸೌಲಭ್ಯ ಅನೇಕ ಬ್ಯಾಂಕುಗಳಲ್ಲಿದೆ. ಕೇಳಿದವರಿಗೆ ಕೊಡುತ್ತಾರೆ. ವಿಮೆಯನ್ನು ಮಾತ್ರ ಕೇಳದವರಿಗೂ ಹೇಳುತ್ತಾರೆ.

ಠೇವಣಿಯಲ್ಲೂ ಇಂಥದೇ ತೊಡಕಿದೆ. ಅವಧಿ ಮುಗಿದ ಮೇಲೆ ತಾನಾಗಿ ನವೀಕರಿಸುವ ಸೂಚನೆ ಇದ್ದರೆ, ಅದು ಹಳೆಯ ದರದಲ್ಲಲ್ಲ, ಅಂದಿನ ದರದಲ್ಲಿ ನವೀಕರಣವಾಗುತ್ತದೆ. ಸೂಚನೆ ಇಲ್ಲದೆ ಬಿಟ್ಟ ಠೇವಣಿಯ ಗತಿ ಇನ್ನೂ ಕಡೆ: 2021ರ ಜುಲೈನ ನಿಯಮದಂತೆ, ಅವಧಿ ಮುಗಿದ ನಂತರ ಅದಕ್ಕೆ ಉಳಿತಾಯ ಖಾತೆಯ ದರ ಅಥವಾ ಠೇವಣಿಯ ಒಪ್ಪಿತ ದರ, ಇವೆರಡರಲ್ಲಿ ಕಡಿಮೆ ಇರುವುದೇ ಸಿಗುತ್ತದೆ. ಟ್ರಂಕಿನಲ್ಲಿ ಭದ್ರವಾಗಿಟ್ಟ ಠೇವಣಿ ರಸೀದಿಯ ಮೇಲೆ ಮುದ್ರಿತವಾದ ಶೇ 7 ಎಂಬ ಅಂಕಿ, ಮುಕ್ತಾಯದ ದಿನಾಂಕ ಕಳೆದ ಮರುದಿನದಿಂದ ಯಾವ ಅರ್ಥವನ್ನೂ ಕೊಡುವುದಿಲ್ಲ.

‘ರೊಕ್ಕ ಐತಿ, ತಗಿಯಾಕ ಬರವಲ್ದು’

ಖಾತೆ ಬಂದ್ ಆಗಿದೆ ಎಂಬ ಒಂದೇ ಮಾತಿನಲ್ಲಿ ಜನ ಕನಿಷ್ಠ ನಾಲ್ಕು ಬೇರೆ ಸ್ಥಿತಿಗಳನ್ನು ಹೇಳುತ್ತಾರೆ. ಸಿಬ್ಬಂದಿಯೂ ಸಾಲು ದೊಡ್ಡದಿರುವಾಗ ಬಿಡಿಸಿ ಹೇಳುವುದಿಲ್ಲ. ಆದರೆ ಒಂದೊಂದಕ್ಕೂ ಕಾರಣ ಬೇರೆ, ಪರಿಹಾರ ಬೇರೆ.

ಮೊದಲನೆಯದು ಕೆವೈಸಿ ಬಾಕಿ. ಗ್ರಾಹಕರನ್ನು ಬ್ಯಾಂಕು ಅಕ್ರಮ ಹಣದ ವ್ಯವಹಾರದ ಅಪಾಯದ ಮಟ್ಟಕ್ಕೆ ತಕ್ಕಂತೆ ಮೂರು ವರ್ಗಗಳಲ್ಲಿ ಇಡುತ್ತದೆ. ಹೆಚ್ಚು ಅಪಾಯದವರು ಎರಡು ವರ್ಷಕ್ಕೊಮ್ಮೆ, ಮಧ್ಯಮದವರು ಎಂಟು ವರ್ಷಕ್ಕೊಮ್ಮೆ, ಕಡಿಮೆ ಅಪಾಯದವರು ಹತ್ತು ವರ್ಷಕ್ಕೊಮ್ಮೆ ದಾಖಲೆ ನವೀಕರಿಸಬೇಕು. ಜನಧನ ಯೋಜನೆ ಆರಂಭವಾದದ್ದು 2014ರ ಆಗಸ್ಟ್ 28ರಂದು. ಆಗ ಶಿಬಿರಗಳಲ್ಲಿ ರಾಶಿ ರಾಶಿಯಾಗಿ ತೆರೆದ ಖಾತೆಗಳಿಗೆ ಹತ್ತು ವರ್ಷ ತುಂಬಿದ್ದು 2024ರಿಂದೀಚೆಗೆ. ಒಂದೇ ಸಮಯದಲ್ಲಿ ಇಷ್ಟೊಂದು ಕೆವೈಸಿ ಸಂದೇಶಗಳು ಬರುತ್ತಿರುವುದಕ್ಕೆ ಮತ್ತು 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಶಿಬಿರಗಳು ನಡೆದದ್ದಕ್ಕೆ ಇದೇ ಕಾರಣ.

ಎರಡನೆಯದು ನಿಷ್ಕ್ರಿಯ ಖಾತೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರನ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಖಾತೆ ಈ ಪಟ್ಟಿಗೆ ಸೇರುತ್ತದೆ. ಬ್ಯಾಂಕು ಹಾಕುವ ಬಡ್ಡಿ, ಕಡಿಯುವ ಶುಲ್ಕ ಲೆಕ್ಕಕ್ಕಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ಲಾಗಿನ್ ಆದರೂ, ಕೆವೈಸಿ ನವೀಕರಿಸಿದರೂ ಸಾಕು, ಖಾತೆ ಜೀವಂತ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಇಂಥ ಖಾತೆಯನ್ನು ಮತ್ತೆ ಚಾಲನೆಗೆ ತರಲು ಶುಲ್ಕ ಕೇಳುವಂತಿಲ್ಲ, ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ, ಉಳಿತಾಯದ ಬಡ್ಡಿಯನ್ನು ನಿಲ್ಲಿಸುವಂತಿಲ್ಲ. ಪೂರ್ಣ ಅರ್ಜಿ ಕೊಟ್ಟ ಮೂರು ಕೆಲಸದ ದಿನಗಳಲ್ಲಿ ಅದು ತೆರೆಯಬೇಕು ಮತ್ತು ಯಾವ ಶಾಖೆಯಲ್ಲಾದರೂ ಕೆವೈಸಿ ಕೊಡಲು ಅವಕಾಶವಿರಬೇಕು. ವಿದ್ಯಾರ್ಥಿವೇತನ ಅಥವಾ ಸರ್ಕಾರಿ ನೆರವಿಗಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ನಿಷ್ಕ್ರಿಯ ಎಂದು ವರ್ಗೀಕರಿಸುವಂತೆಯೇ ಇಲ್ಲ.

ಹತ್ತು ವರ್ಷ ಕಳೆದ ಮೇಲೆ ಮಾತ್ರ ಮೊತ್ತವು ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದರೂ ಹಕ್ಕು ಹೋಗುವುದಿಲ್ಲ. ಬ್ಯಾಂಕಿಗೆ ಅರ್ಜಿ ಕೊಟ್ಟು ವಾರಸುದಾರರೂ ಪಡೆಯಬಹುದು. 2021ರ ಮೇ 11ರಿಂದ ಈ ನಿಧಿಯ ಹಣಕ್ಕೆ ನಿಗದಿಯಾಗಿರುವ ಬಡ್ಡಿ ಶೇ 3. ಮರೆತುಹೋದ ಹಣಕ್ಕೆ ಸಿಗುವ ಬಡ್ಡಿ, ನೆನಪಿಟ್ಟು ದೊಡ್ಡ ಬ್ಯಾಂಕಿನಲ್ಲಿ ಕಾಪಾಡಿದ ಹಣಕ್ಕಿಂತ ಹೆಚ್ಚಾಗಿರುವುದು ವಿಚಿತ್ರವಾದರೂ ನಿಜ.

ಮೂರನೆಯದು ಖಾತೆಯ ದೋಷವೇ ಅಲ್ಲ. ಆಧಾರ್ ಮೂಲಕ ಬರುವ ನೇರ ನಗದು ವರ್ಗಾವಣೆ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ‘ಬಂದಿಲ್ಲ’ ಎನ್ನುವ ಪ್ರಕರಣಗಳಲ್ಲಿ ಒಂದಷ್ಟು, ಬೇರೆ ಬ್ಯಾಂಕಿನ ಮರೆತ ಖಾತೆಗೆ ಜಮೆಯಾಗಿರುವಂಥವು. ಹೊಸ ಖಾತೆ ತೆರೆಯುವಾಗ ಅರ್ಜಿಯ ಒಂದು ಚೌಕದಲ್ಲಿ ಹಾಕಿದ ಗುರುತಿನಿಂದ ಜೋಡಣೆ ಬದಲಾಗಿರುತ್ತದೆ, ಅದು ಏನೆಂದು ಯಾರೂ ಓದಿ ಹೇಳಿರುವುದಿಲ್ಲ. ನಾಲ್ಕನೆಯದು ಸೈಬರ್ ವಂಚನೆಯ ತನಿಖೆಯಲ್ಲಿ ಪೊಲೀಸರ ಕೋರಿಕೆಯಂತೆ ತಡೆಹಿಡಿದ ಖಾತೆ. ಅದಕ್ಕೆ ಕೆವೈಸಿ ಕೊಟ್ಟು ಪ್ರಯೋಜನವಿಲ್ಲ, ತಡೆ ಕೋರಿದ ಠಾಣೆಯ ವಿವರವನ್ನು ಶಾಖೆಯಿಂದ ಪಡೆಯಬೇಕು.

ಸಡಿಲಿಕೆ ಗಡುವಾಗಿ ಕೇಳಿಸಿದ್ದು

2025ರ ಜೂನ್ 12ರ ತಿದ್ದುಪಡಿ ವಾಸ್ತವವಾಗಿ ಗ್ರಾಹಕರ ಪರವಾದದ್ದು. ಕಡಿಮೆ ಅಪಾಯದ ವರ್ಗದ ವ್ಯಕ್ತಿಯ ಕೆವೈಸಿ ಅವಧಿ ಮುಗಿದಿದ್ದರೂ, ಮುಗಿದ ದಿನದಿಂದ ಒಂದು ವರ್ಷ ಅಥವಾ 2026ರ ಜೂನ್ 30, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಎಲ್ಲ ವ್ಯವಹಾರಕ್ಕೂ ಅವಕಾಶ ಕೊಡಬೇಕು ಎಂದು ಅದು ಹೇಳಿತು. ವಿಳಾಸದಲ್ಲಷ್ಟೇ ಬದಲಾವಣೆ ಇದ್ದರೆ ಅಥವಾ ಏನೂ ಬದಲಾಗಿಲ್ಲದಿದ್ದರೆ, ಬ್ಯಾಂಕಿನ ಪ್ರತಿನಿಧಿಯಾಗಿ ಊರಲ್ಲೇ ಸೇವೆ ಕೊಡುವ ಬ್ಯಾಂಕ್ ಮಿತ್ರರ ಬಳಿಯೇ ಸ್ವಯಂ ಘೋಷಣೆ ಕೊಡಬಹುದು ಎಂದೂ ಹೇಳಿತು. ಹಿರೇಕೆರೂರು ಅಥವಾ ಶಿರಹಟ್ಟಿ ತಾಲ್ಲೂಕಿನ ಹಳ್ಳಿಯವರಿಗೆ ಇದು ಒಂದು ದಿನದ ಕೂಲಿ ಉಳಿಸುವ ಮಾತು. ಆದರೆ ಬಾಯಿಂದ ಬಾಯಿಗೆ ಹೋಗುವಾಗ ‘ಜೂನ್ 30ರೊಳಗೆ’ ಎಂಬುದಷ್ಟೇ ಉಳಿದು, ಸಡಿಲಿಕೆಯ ಸುದ್ದಿ ಬೆದರಿಕೆಯ ಸುದ್ದಿಯಾಯಿತು.

ಇಲ್ಲಿ ನಿಯಮದೊಳಗೇ ಒಂದು ಗಂಟಿದೆ. ಸಡಿಲಿಕೆ ಕಡಿಮೆ ಅಪಾಯದವರಿಗೆ ಮಾತ್ರ. ಆದರೆ ಗ್ರಾಹಕನನ್ನು ಯಾವ ವರ್ಗದಲ್ಲಿ ಇಟ್ಟಿದೆ ಎಂಬುದನ್ನು ಬ್ಯಾಂಕು ಅವನಿಗೆ ತಿಳಿಸುವಂತಿಲ್ಲ, ಗೋಪ್ಯವಾಗಿಡಬೇಕು. ಅಕ್ರಮ ಹಣದ ತನಿಖೆಯ ದೃಷ್ಟಿಯಿಂದ ಗೋಪ್ಯತೆಗೆ ಕಾರಣವಿದೆ. ಅದರ ಪರಿಣಾಮವಾಗಿ ಪಿಂಚಣಿದಾರನೊಬ್ಬ ತನಗೆ ಈ ಅವಕಾಶ ಅನ್ವಯಿಸುತ್ತದೆಯೇ ಎಂದು ತಾನೇ ತಿಳಿದುಕೊಳ್ಳುವ ದಾರಿ ಇಲ್ಲದಾಗಿದೆ.

ಹೆಸರು ಬದಲಾದ ಬ್ಯಾಂಕುಗಳು

ಈ ಭಾಗದಲ್ಲಿ ಗೊಂದಲ ಹೆಚ್ಚಿರುವುದಕ್ಕೆ ಸ್ಥಳೀಯ ಕಾರಣವೂ ಇದೆ. ನವಲಗುಂದ ಸೀಮೆಯಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕಿನಲ್ಲಿ ತೆರೆದ ಖಾತೆಯೊಂದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನದಾಗಿ, 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನದಾಯಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಕರಗಿದವು. ಹಣ ಕಳಿಸುವಾಗ ಶಾಖೆಯನ್ನು ಗುರುತಿಸುವ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ವಿಲೀನವಾದಾಗ ಠೇವಣಿಯ ಹೊಣೆ ಹೊಸ ಬ್ಯಾಂಕಿಗೆ ಪೂರ್ತಿಯಾಗಿ ಹೋಗುತ್ತದೆ, ಹಣ ಎಲ್ಲಿಗೂ ಹೋಗುವುದಿಲ್ಲ. ಬದಲಾಗುವುದು ಕೋಡು, ಆ್ಯಪ್, ಚೆಕ್ ಪುಸ್ತಕ, ಶುಲ್ಕದ ಪಟ್ಟಿ ಮತ್ತು ಬಡ್ಡಿಯ ಪಟ್ಟಿ. ವಾರಸುದಾರರಿಲ್ಲದ ಠೇವಣಿ ಹುಡುಕಲು 2023ರ ಆಗಸ್ಟ್‌ನಲ್ಲಿ ಆರಂಭವಾದ ಉದ್ಗಮ್ ತಾಣದಲ್ಲಿಯೂ ತಂದೆಯ ಹಳೆಯ ಬ್ಯಾಂಕು ಈಗ ಯಾವುದಾಗಿದೆ ಎಂಬುದು ತಿಳಿದಿದ್ದರೆ ಹುಡುಕಾಟ ಹಗುರ.

ಬ್ಯಾಂಕಿನವರ ಪಕ್ಷ, ಗ್ರಾಹಕರ ಪಕ್ಷ

ಬ್ಯಾಂಕುಗಳ ಕಡೆಯಿಂದ ಹೇಳುವುದಾದರೆ, ಅವು ಸಂದೇಶ ಕಳಿಸುವುದಿಲ್ಲ ಎನ್ನಲಾಗದು, ಬಹಳ ಕಳಿಸುತ್ತವೆ. ಖಾತೆಯಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಮಗನದ್ದೋ, ನಿಂತುಹೋದ ಸಿಮ್‌ನದ್ದೋ ಆಗಿರುತ್ತದೆ. ವಿಳಾಸ ಹಳೆಯದಿರುತ್ತದೆ. ಸಿಬ್ಬಂದಿ ಕಡಿಮೆ, ಸಾಲು ಉದ್ದ. ಕೆವೈಸಿ ಲೋಪಕ್ಕೆ ದಂಡ ತೆರುವುದು ಬ್ಯಾಂಕು, ಗ್ರಾಹಕನಲ್ಲ. ಇವೆಲ್ಲ ನಿಜ.

ಆದರೆ ವಂಚಕರೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಕಳಿಸುತ್ತಾರೆ: ಕೆವೈಸಿ ಮುಗಿದಿದೆ, ಇಂದೇ ಖಾತೆ ಬಂದ್, ಈ ಕೊಂಡಿ ಒತ್ತಿ. ಮೊಬೈಲಿಗೆ ಆ್ಯಪ್ ಸೇರಿಸುವ ಎಪಿಕೆ ಕಡತ ಇಳಿಸಿಕೊಂಡು ಹಣ ಕಳೆದುಕೊಂಡವರ ಸುದ್ದಿ ಓದಿದ ಎಚ್ಚರದ ಮನುಷ್ಯ ಬ್ಯಾಂಕಿನ ನಿಜವಾದ ಸಂದೇಶವನ್ನೂ ಅಳಿಸಿಹಾಕುತ್ತಾನೆ, ಹಾಗೆ ಮಾಡಲು ಬ್ಯಾಂಕೇ ಹೇಳಿಕೊಟ್ಟಿದೆ. ಗುರುತಿಗಾಗಿ ಕೆಲವು ಏರ್ಪಾಡುಗಳಾಗಿವೆ. ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಹೋಗಬೇಕಿತ್ತು. ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಗೊತ್ತುಮಾಡಲಾಗಿದೆ. ಈ ಗುರುತುಗಳನ್ನು ಶಾಖೆಯ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದರೆ ಪ್ರಯೋಜನವಾದೀತು. ಗ್ರಾಹಕರು ಬಳಸುವ ಮುದ್ರಿತ ಸಾಮಗ್ರಿ ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕೆಂಬ ಸೂಚನೆ ಬಹುಕಾಲದ್ದು. ಆದರೆ ಈಗ ಬ್ಯಾಂಕು ಹೆಚ್ಚು ಮಾತಾಡುವುದು ಮುದ್ರಣದಲ್ಲಲ್ಲ, ಮೊಬೈಲಿನಲ್ಲಿ.

ಮುಂದೇನಾದೀತು

ಬಡ್ಡಿಯ ಬಗ್ಗೆ ವೈಯಕ್ತಿಕ ಸೂಚನೆ ಕಡ್ಡಾಯವಾಗದ ತನಕ ಉಳಿತಾಯ ದರ ಏರುವ ಲಕ್ಷಣ ಕಡಿಮೆ, ಏಕೆಂದರೆ ಗಮನಿಸದ ಹಣ ಬ್ಯಾಂಕಿಗೆ ಅಗ್ಗದ ಹಣ. ಅದರ ಬದಲು ಬ್ಯಾಂಕುಗಳು ಶುಲ್ಕದಲ್ಲಿ ಪೈಪೋಟಿಗೆ ಇಳಿದಿವೆ. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಕನಿಷ್ಠ ಮೊತ್ತದ ಷರತ್ತನ್ನೇ ತೆಗೆಯಿತು, ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಹಿಂಬಾಲಿಸಿದವು. ಅದೇ ವರ್ಷದ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕು ನಗರಗಳ ಹೊಸ ಖಾತೆಗಳಿಗೆ 50,000 ರೂಪಾಯಿ ಎಂದು ಪ್ರಕಟಿಸಿ, ಟೀಕೆ ಎದ್ದ ಮೇಲೆ 15,000ಕ್ಕೆ ಇಳಿಸಿತು. ಸುದ್ದಿಯಾದ ಬದಲಾವಣೆ ವಾರದೊಳಗೆ ತಿದ್ದುಪಡಿಯಾಯಿತು. ಸುದ್ದಿಯಾಗದ ಬದಲಾವಣೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಖಾತೆ ಬಳಕೆಯ ವಿಷಯದಲ್ಲಿ ಮಾತ್ರ ನಿಯಮ ಗಟ್ಟಿಯಾಗಿದೆ. 2026ರ ಜನವರಿ 1ರಿಂದ, ಕೆವೈಸಿ ಅವಧಿ ಮುಗಿಯುವ ಮೊದಲು ಕನಿಷ್ಠ ಮೂರು ಸೂಚನೆ, ಮುಗಿದ ಮೇಲೂ ನವೀಕರಿಸದವರಿಗೆ ಕನಿಷ್ಠ ಮೂರು ನೆನಪೋಲೆ ಕಳಿಸಬೇಕು. ಎರಡೂ ಹಂತದಲ್ಲಿ ಒಂದಾದರೂ ಕಾಗದದ ಪತ್ರವಾಗಿರಬೇಕು. ಏನು ಮಾಡಬೇಕು, ಯಾರನ್ನು ಕೇಳಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬುದು ಸುಲಭವಾಗಿ ಅರ್ಥವಾಗುವಂತೆ ಅದರಲ್ಲಿರಬೇಕು. ಪ್ರತಿಯೊಂದು ಸೂಚನೆ ಕಳಿಸಿದ್ದನ್ನೂ ಆಯಾ ಗ್ರಾಹಕನ ಹೆಸರಿನಲ್ಲಿ ಬ್ಯಾಂಕು ದಾಖಲಿಸಿಡಬೇಕು. ಆದ್ದರಿಂದ ಏಕಾಏಕಿ ಹಣ ತೆಗೆಯಲಾಗದಂತಾದವರು ಶಾಖೆಗೆ ಕೊಡುವ ಲಿಖಿತ ದೂರಿನಲ್ಲಿ, ತಮಗೆ ಯಾವ ಯಾವ ದಿನಾಂಕದಂದು ಯಾವ ವಿಳಾಸಕ್ಕೆ ಪತ್ರ ಕಳಿಸಲಾಗಿದೆ ಎಂದು ಕೇಳಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಅದರ ಮಾಹಿತಿಗೆ ಕರೆ ಮಾಡಬೇಕಾದ ಸಂಖ್ಯೆ 14448.